ಅರವತ್ನಾಲ್ಕನೇ ನಂಬರಿನ ಕೊಟ್ಟಿಗೆ

ಬದನವಾಳಿನ ಮಂಗಳಮ್ಮನ ಕಣ್ಣು ತಪ್ಪಿಸುವುದು ಯಾರ ಕೈಲೂ ಆಗದು ಎಂದು ಊರಿನವರು ಹೇಳುತ್ತಿದ್ದುದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಮೂವತ್ತೊಂದು ವರ್ಷ ಖಾದಿ ಕೇಂದ್ರದಲ್ಲಿ ನೂಲು ತೆಗೆದ ಹೆಂಗಸು. ಚರಕದ ಮುಂದೆ ಕೂತು ಪಕ್ಕದವಳ ಜೊತೆ ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದರೂ ಯಾವ ಎಳೆ ಸಣ್ಣಗಾಯಿತು, ಯಾವುದು ಇನ್ನೆರಡು ಸುತ್ತಿಗೆ ಕಡಿದುಹೋಗುತ್ತದೆ ಎಂಬುದು ಅವಳಿಗೆ ಮೊದಲೇ ಕಂಡುಬಿಡುತ್ತಿತ್ತು. ಮೊಣಕಾಲು ನೋವು ಶುರುವಾಗಿ ಕೆಲಸ ಬಿಟ್ಟ ಮೇಲೆ ಆ ಕಣ್ಣಿಗೆ ಬೇರೆ ಕೆಲಸ ಬೇಕಾಯಿತು. ಮನೆಯಲ್ಲಿ ಕೈಗೆ ಸಿಕ್ಕವನು ಗಂಡ ಚಿಕ್ಕಮಾದು ಒಬ್ಬನೇ.

ಚಿಕ್ಕಮಾದುವೂ ಸಾಮಾನ್ಯನಲ್ಲ. ಹರೆಯದಿಂದಲೂ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುತ್ತಾ ಬಂದಾಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ನಾಲಿಗೆ ಮೇಲಿಟ್ಟು ಅವನು ‘ಇಳ್ಸಿ’ ಅಂದರೆ ಇಳಿಸಬೇಕು, ‘ತಡೀರಿ’ ಅಂದರೆ ಮಾಲೀಕನೂ ತಡೆಯಬೇಕು. ಅವನ ನಾಲಿಗೆಯ ಮಾತಿಗೆ ಸುತ್ತಿನ ನಾಲ್ಕು ಹಳ್ಳಿಯ ಆಲೆಮನೆಗಳಲ್ಲಿ ಬೆಲೆಯಿತ್ತು. ಅಂಥ ನಾಲಿಗೆಗೆ ಐವತ್ತೆಂಟನೇ ವಯಸ್ಸಿನಲ್ಲಿ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ, ಸಿಹಿ ಮುಟ್ಟಬೇಡ ಎಂದುಬಿಟ್ಟರು. ಚಿಕ್ಕಮಾದು ಡಾಕ್ಟರ ಎದುರಿಗೆ ತಲೆಯಾಡಿಸಿದ. ಹೊರಗೆ ಬಂದ ಮೇಲೆ ಬೆಲ್ಲ ಸಿಹಿಯಲ್ಲ, ಅದು ಆಹಾರ ಎಂದು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡ.

ಹೋದ ವರ್ಷ ಬಲಗಾಲಿನ ಕಿರುಬೆರಳಿಗೆ ಜಾಲಿ ಮುಳ್ಳು ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವ ಹೊತ್ತಿಗೆ ಬೆರಳು ಕಪ್ಪಗಾಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ತೆಗೆದು ಹಾಕಿದರು. “ಇನ್ನೊಂದು ಸಲ ಹಿಂಗೆ ಬಂದ್ರೆ ಬೆರಳಿಗೆ ನಿಲ್ಲಲ್ಲ ಅಮ್ಮ, ಪಾದನೇ ಹೋಗುತ್ತೆ” ಎಂದು ಡಾಕ್ಟರು ಹೇಳಿದ್ದು ಮಂಗಳಮ್ಮನಿಗೆ. ಅವಳು ಆ ಮಾತನ್ನು ಗಂಡನಿಗೆ ಹೇಳುವಾಗ ಬೈಗುಳದ ರೂಪದಲ್ಲೇ ಹೇಳಿದಳು. ಅಳುವುದಿದ್ದರೆ ಹಸುವಿನ ಹಿಂದೆ ನಿಂತು ಸಗಣಿ ಬಾಚುವಾಗ ಅಳುತ್ತಿದ್ದಳು. ಈಗ ಮತ್ತೆ ಅದೇ ಕಾಲಿನ ಹಿಮ್ಮಡಿಯಲ್ಲಿ ಒಂದು ಬಿರುಕು ಬಿಟ್ಟಿತ್ತು, ತಿಂಗಳಾದರೂ ಒಣಗಿರಲಿಲ್ಲ. ಸೋಮವಾರ ಮೈಸೂರಿಗೆ ಹೋಗಿ ತೋರಿಸಬೇಕಿತ್ತು. ಒಣಗದಿದ್ದರೆ ಡಾಕ್ಟರು ಏನು ಮಾಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಮನೆಯೊಳಗೆ ಬೆಲ್ಲದ ಹೆಸರೆತ್ತದಂತೆ ಮಾಡಿದ್ದಳು ಮಂಗಳಮ್ಮ. ಆದರೂ ಗಂಡ ಸಂಜೆ ಹೊತ್ತು ಹಿತ್ತಲಿನ ಕೊಟ್ಟಿಗೆಗೆ ಹೋದರೆ ಹಸುವಿಗೆ ಹುಲ್ಲು ಹಾಕಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಇರುತ್ತಿದ್ದ, ಬರುವಾಗ ಮೀಸೆ ಒರೆಸಿಕೊಂಡು ಬರುತ್ತಿದ್ದ. ಆಗ ಅವಳಿಗೆ ಕ್ಯಾಮೆರಾದ ಯೋಚನೆ ಬಂತು. ಹೊರಗೆ ಹೇಳುವಾಗ ಮಾತ್ರ ಪಕ್ಕದ ಊರಲ್ಲಿ ಹಸು ಕದ್ದರಂತೆ, ಅದಕ್ಕೇ ಕ್ಯಾಮೆರಾ ಅನ್ನುತ್ತಿದ್ದಳು. ಹಸು ಕದಿಯಲು ಬಂದವನು ಆ ಹಸುವಿನ ಒದೆ ತಿಂದು ವಾಪಸ್ಸು ಹೋಗುತ್ತಾನೆಂದು ಊರಿಗೆಲ್ಲ ತಿಳಿದಿತ್ತು, ಆದರೆ ಯಾರೂ ಎದುರಾಡಲಿಲ್ಲ.

ಕ್ಯಾಮೆರಾ ಹಾಕಿದವನು ಅವಳ ಅಣ್ಣನ ಮಗ ಚೆಲುವರಾಜು. ನಂಜನಗೂಡು ಬಸ್‌ಸ್ಟ್ಯಾಂಡ್ ಹತ್ತಿರ ಅವನದೊಂದು ಸಿಸಿಟಿವಿ ಅಂಗಡಿ. ಅವನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಗೆ ಹಾಕಿದರೂ ಮೊದಲನೇ ಕ್ಯಾಮೆರಾದ ನಂಬರಿನ ಕೊನೆಗೆ ಅರವತ್ನಾಲ್ಕನ್ನೇ ಇಡುತ್ತಿದ್ದ. ಪಾಸ್‌ವರ್ಡೂ ಎಲ್ಲರಿಗೂ ಒಂದೇ. ಹೀಗಿದ್ದರೆ ಯಾವ ಊರಿನಿಂದ ಯಾರು ಫೋನು ಮಾಡಿ ‘ಬರ್ತಿಲ್ಲ’ ಅಂದರೂ ಪುಸ್ತಕ ತೆಗೆಯದೆ ಉತ್ತರ ಹೇಳಬಹುದು ಅನ್ನುತ್ತಿದ್ದ. ಇದು ಸೋಮಾರಿತನ ಎಂದು ಬಲ್ಲವರು ಹೇಳಬಹುದು. ಸೋಮಾರಿತನವೇ ಹೌದು.

“ಒಂದು ಆ್ಯಪ್ ಹಾಕ್ಕೊಡ್ತೀನಿ ಅತ್ತೆ, ಎಲ್ಲಿದ್ರೂ ನೋಡ್ಬೋದು. ಚಿತ್ರ ಕಂಪನಿ ಕಂಪ್ಯೂಟರ್‌ಗೆ ಹೋಗಿ ಅಲ್ಲಿಂದ ನಿಮಗೆ ಬರ್ತದೆ” ಎಂದ ಚೆಲುವರಾಜು.

“ನನ್ ಅಸನ ಕಂಪನಿಯೋರು ಯಾಕ್ ನೋಡ್ಬೇಕು? ನಾನ್ ನೋಡುದ್ರೆ ಸಾಕು” ಎಂದಳು ಮಂಗಳಮ್ಮ.

ಸರಿ ಎಂದು ಅವನು ಅವಳ ಫೋನಿನಲ್ಲೇ ಕ್ಯಾಮೆರಾದ ನಂಬರು ಹೊಡೆದು ತೋರಿಸಿದ. ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಅರವತ್ನಾಲ್ಕು, ನಡುನಡುವೆ ಚುಕ್ಕಿ. ಮೊಮ್ಮಗಳನ್ನು ವಿಡಿಯೋದಲ್ಲಿ ನೋಡಲೆಂದು ಮಗಳು ಹಾಕಿಸಿಕೊಟ್ಟ ವೈಫೈ ಮನೆಯಲ್ಲಿತ್ತು. ಕೊಟ್ಟಿಗೆ, ಹಸು ನೀರು ಕುಡಿಯುವ ಕಲ್ಲುಬಾನಿ, ಹಸುವಿನ ಹಿಂಭಾಗ ಪರದೆಯ ಮೇಲೆ ಬಂದವು. “ವೈಫೈ ಇದ್ರೆ ಸಾಕು ಅತ್ತೆ, ಬತ್ತದೆ” ಎಂದು ಹೇಳಿ, ಏಣಿ ಹೆಗಲಿಗೇರಿಸಿಕೊಂಡು ಹೊರಟುಹೋದ.

ಚಿಕ್ಕಮಾದು ಅವತ್ತಿನಿಂದ ಕೊಟ್ಟಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದನ್ನು ಬಿಟ್ಟ. ಮಂಗಳಮ್ಮ ಗೆದ್ದೆ ಅಂದುಕೊಂಡಳು.

ಅದೇ ಧೈರ್ಯದ ಮೇಲೆ ಮಗಳು ಕವನಳ ಮನೆಗೆ ಹೊರಟಳು. ಕವನಳನ್ನು ತಿರುಮಕೂಡಲು ನರಸೀಪುರಕ್ಕೆ ಕೊಟ್ಟು ಏಳು ವರ್ಷವಾಗಿತ್ತು. ಏಳು ವರ್ಷದಲ್ಲಿ ಮಂಗಳಮ್ಮ ಅಲ್ಲಿ ಎರಡನೇ ರಾತ್ರಿ ಉಳಿದದ್ದಿಲ್ಲ. ಈ ಸಲ ಮೊಮ್ಮಗಳಿಗೆ ಕಿವಿ ಚುಚ್ಚಿಸುವುದಿತ್ತು. ಐದು ದಿನ ಇರಲೇಬೇಕು, ಇಲ್ಲದಿದ್ದರೆ ಮಾತೇ ಆಡಲ್ಲ ಎಂದು ಕವನ ಕಡ್ಡಿ ಮುರಿದಂತೆ ಹೇಳಿದ್ದಳು. ಮಂಗಳವಾರ ಬೆಳಿಗ್ಗೆ ಗಂಡನಿಗೆ ಹತ್ತು ಸಲ ಎಚ್ಚರಿಕೆ ಹೇಳಿ, ಹನ್ನೊಂದನೇ ಸಲ ಬಸ್ಸಿನ ಕಿಟಕಿಯಿಂದ ಹೇಳಿ, ಹೊರಟಳು.

ಬೀಗರ ಮನೆಯೆಂದರೆ ಬಿಗುಮಾನದ ಜಾಗ. ಬೀಗ ರಾಜೇಂದ್ರ ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು. ಪಾಠ ಮಾಡುವ ಅಭ್ಯಾಸ ಮಾತ್ರ ನಿವೃತ್ತಿಯಾಗಿರಲಿಲ್ಲ. ಅವರಿಗೂ ಸಕ್ಕರೆ ಕಾಯಿಲೆ. ಆದರೆ ಅವರದನ್ನು ಅವರು ಕಾಯಿಲೆ ಅನ್ನುತ್ತಿರಲಿಲ್ಲ, ಶಿಸ್ತು ಅನ್ನುತ್ತಿದ್ದರು. ಬೆಳಿಗ್ಗೆ ಮೆಂತ್ಯದ ನೀರು, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಸೊಪ್ಪು. ಆರು ವರ್ಷದಿಂದ ಸಿಹಿ ಮುಟ್ಟಿಲ್ಲ ಎಂದು ಬಂದವರಿಗೆಲ್ಲ ನೀರಿನ ಲೋಟದ ಜೊತೆಗೇ ತಿಳಿಸುತ್ತಿದ್ದರು. ಮಂಗಳಮ್ಮ ತನ್ನ ಗಂಡನನ್ನು ಬೈಯುವಾಗಲೆಲ್ಲ “ನಮ್ ಬೀಗ್ರುನ್ ನೋಡಿ ಕಲ್ತ್ಕೊ” ಎಂದು ಮುಗಿಸುವುದು ವಾಡಿಕೆಯಾಗಿತ್ತು.

ಆ ಮನೆಯಲ್ಲಿ ಬೀಗಿತ್ತಿ ರಾಚಮ್ಮ ಅವಳನ್ನು ಹಾಲ್‌ನ ಕುರ್ಚಿ ಬಿಟ್ಟು ಏಳಗೊಡಲಿಲ್ಲ. “ಬಂದ ಬೀಗರು ಕೆಲಸ ಮಾಡಿದ್ರೆ ಊರವರು ನಮ್ಮನ್ನ ಏನಂದಾರು” ಎಂದು ತಟ್ಟೆಯನ್ನೂ ತೊಳೆಯಲು ಬಿಡಲಿಲ್ಲ. ಮಂಗಳಮ್ಮನೂ ಮರ್ಯಾದೆ ಬಲ್ಲವಳು. ಮಗಳನ್ನು ಕೊಟ್ಟ ಮನೆಯಲ್ಲಿ ಹಿತ್ತಲು ಕೊಟ್ಟಿಗೆ ಇಣುಕಿದರೆ ಅವರ ಬದುಕನ್ನು ಅಳೆಯಲು ಬಂದಂತೆ ಆಗುತ್ತದೆ. ಹಾಗಾಗಿ ಮನೆ ಹಿಂದಿನ ಓಣಿ ದಾಟಿ ಬೀಗರ ಕೊಟ್ಟಿಗೆ ಇದೆಯೆಂದು ಗೊತ್ತಿದ್ದರೂ ಅತ್ತ ಮುಖ ಹಾಕಲಿಲ್ಲ.

ಮೊದಲ ದಿನ ಸಂಜೆ ದೀಪ ಹಾಕುವ ಹೊತ್ತಿಗೆ ಅವಳ ಜೀವ ತಡೆಯಲಿಲ್ಲ. ಕವನ ಆಗಲೇ ಅವಳ ಫೋನಿಗೆ ಮನೆಯ ವೈಫೈ ಸೇರಿಸಿಕೊಟ್ಟಿದ್ದಳು. ಮಂಗಳಮ್ಮ ಆ ನಂಬರು ಒತ್ತಿದಳು. ಚಕ್ರ ಸುತ್ತಿತು, ಚಿತ್ರ ಬಂತು. ಕತ್ತಲಾಗುತ್ತಿದ್ದರಿಂದ ಎಲ್ಲ ಕಪ್ಪುಬಿಳುಪು. ಕೊಟ್ಟಿಗೆ, ಕಲ್ಲುಬಾನಿ, ಸೀಮೆಹಸುವಿನ ಹಿಂಭಾಗ. ಮೂವತ್ತು ಮೈಲಿ ಆಚೆಯಿಂದ ತನ್ನ ಹಸುವಿನ ಬಾಲ ಆಡುವುದನ್ನು ನೋಡಿ ಅವಳಿಗೆ ರೋಮಾಂಚನವಾಯಿತು. ಆಮೇಲೆ ಅವಳ ಕಣ್ಣು ಕೆಲಸ ಶುರು ಮಾಡಿತು.

“ಅಲ್ಲಾ ಕಣಪ್ಪ, ನಾನ್ ಬಂದು ಒಂದ್ ದಿನ ಆಗಿಲ್ಲ, ಅಸನ ಯಾಕ್ ಎಡಗಡೆ ಗೂಟಕ್ ಕಟ್ಟಿದ್ದೀಯೆ?” ಎಂದು ಗಂಡನಿಗೆ ಫೋನು ಮಾಡಿದಳು.

“ಬಲಗಡೆ ಕಟ್ಟಿವ್ನಲ್ಲ ಅಮ್ಮಿ.”

“ಸುಳ್ಳೇಳ್ಬೇಡ. ನಾನಿಲ್ಲಿ ಕಣ್ಣಾರ ನೋಡ್ತಾ ಕುಂತಿವ್ನಿ. ಕಲ್ಲುಬಾನಿನೂ ಜರುಗ್ಸಿದ್ದೀಯೆ.”

“ಓ, ಅದಾ. ಆಯ್ತು ಬುಡು, ಸರಿಯಾಗ್ ಕಟ್ತೀನಿ” ಎಂದ ಚಿಕ್ಕಮಾದು, ಅಷ್ಟೇ ಸಮಾಧಾನದಲ್ಲಿ.

ಮರುದಿನ ಬೆಳಿಗ್ಗೆ ಬೆಳಕಾಗುವ ಮೊದಲೇ ನೋಡಿದರೆ ಪ್ಯಾಂಟು ಹಾಕಿದ ಒಬ್ಬ ಗಂಡಸು ಬೆನ್ನು ತೋರಿಸಿಕೊಂಡು ಹಾಲು ಕರೆಯುತ್ತಿದ್ದಾನೆ. ಮಂಗಳಮ್ಮ ತಕ್ಷಣ ಗಂಡನಿಗೆ ಫೋನು ಮಾಡಿದಳು. “ಯಾರ್ ಅವ್ನು, ನಮ್ ಅಸುಕ್ ಕೈ ಆಕಿರೋನು?”

“ನಾನೇ ಕಣಮ್ಮಿ.”

“ನೀನು ಪ್ಯಾಂಟ್ ಆಕಿದ್ದೀಯಾ?”

“ಊಂ. ಪಂಚೆ ಒಗ್ದಾಕಿವ್ನಿ. ಅಳೀಮಯ್ಯ ಬುಟ್ಟೋಗಿದ್ ಪ್ಯಾಂಟ್ ಇತ್ತಲ್ಲ, ಅದುನ್ನ ಸಿಗಾಕ್ಕಂಡೆ.”

ಹುಟ್ಟಿದಾಗಿನಿಂದ ಪ್ಯಾಂಟು ಹಾಕದ ಮನುಷ್ಯ ಹೆಂಡತಿ ಊರು ಬಿಟ್ಟ ಎರಡನೇ ದಿನಕ್ಕೆ ಪ್ಯಾಂಟು ಹಾಕಿದ್ದಾನೆ. ಮಂಗಳಮ್ಮನಿಗೆ ಇದು ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ. ಇನ್ನೆರಡು ದಿನ ಬಿಟ್ಟರೆ ಕೂಲಿಂಗ್ ಗ್ಲಾಸನ್ನೂ ಹಾಕಿಯಾನು ಎಂದು ಮಗಳ ಹತ್ತಿರ ಹೇಳಿಕೊಂಡಳು. ಕವನ ಮಗುವಿನ ಜಡೆ ಹೆಣೆಯುತ್ತಾ ನಕ್ಕಳೇ ಹೊರತು ಫೋನು ಈಸಿಕೊಂಡು ನೋಡಲಿಲ್ಲ. ನೋಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೂರನೇ ದಿನ ಮೊಮ್ಮಗಳ ಕಿವಿ ಚುಚ್ಚಿಸಿದ್ದಾಯಿತು. ಬಂದವರಿಗೆಲ್ಲ ಪಾಯಸ. ರಾಜೇಂದ್ರ ಮೇಷ್ಟ್ರು ತಮ್ಮ ಎಲೆಗೆ ಬಂದ ಪಾಯಸಕ್ಕೆ ಅಂಗೈ ಅಡ್ಡ ಹಿಡಿದು, ಪಕ್ಕದಲ್ಲಿ ಕೂತವರಿಗೆಲ್ಲ ಕೇಳುವಂತೆ “ನಾಲಿಗೆ ನಮ್ಮ ಮಾತು ಕೇಳಬೇಕು, ನಾವು ನಾಲಿಗೆ ಮಾತು ಕೇಳಬಾರದು” ಎಂದರು. ಮಂಗಳಮ್ಮ ಕೈಮುಗಿಯುವುದೊಂದು ಬಾಕಿ.

ಸಂಜೆ ಮಗು ಕಿವಿ ನೋವಿಗೆ ಅತ್ತು ಮಲಗಿತು. ಮನೆ ಸದ್ದಡಗಿತ್ತು. ಮಂಗಳಮ್ಮ ಕುರ್ಚಿಯಲ್ಲಿ ಕೂತು ನಂಬರು ಒತ್ತಿದಳು. ಕೊಟ್ಟಿಗೆಯೊಳಗೆ ತಲೆ ತುಂಬ ಟವೆಲ್ಲು ಹೊದ್ದ ಒಂದು ಆಕಾರ ಬಂತು. ಅತ್ತಿತ್ತ ನೋಡಿತು. ಕಲ್ಲುಬಾನಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಟವೆಲ್ಲಿನೊಳಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ತಿನ್ನತೊಡಗಿತು. ಆತುರವಿಲ್ಲದೆ, ತಲೆ ತಗ್ಗಿಸಿಕೊಂಡು, ಒಂದೊಂದೇ ಚೂರು ಮುರಿದು ತಿಂದು, ಕೊನೆಗೆ ಐದೂ ಬೆರಳು ನೆಕ್ಕಿಕೊಂಡಿತು.

ಮಂಗಳಮ್ಮನಿಗೆ ಮೊದಲು ಸಿಟ್ಟು ಬರಲಿಲ್ಲ. ಆ ಬೆರಳು ನೆಕ್ಕುವುದನ್ನು ನೋಡುತ್ತಾ ನೋಡುತ್ತಾ ಅವಳಿಗೆ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಡನ ಕಾಲು ಕಂಡಿತು, ನಾಲ್ಕೇ ಬೆರಳು. ಚಿತ್ರ ಮುಚ್ಚಿ ಫೋನು ಮಾಡಿದಳು. ಎರಡು ಸಲ ಬಡಿದುಕೊಂಡ ಮೇಲೆ ಚಿಕ್ಕಮಾದು ಎತ್ತಿದ. ಅವನ “ಊಂ” ಬಾಯಿ ತುಂಬಿದವನ ಊಂ.

“ತಿನ್ನು” ಎಂದಳು ಮಂಗಳಮ್ಮ. “ಪೂರಾ ತಿನ್ನು. ಡಬ್ಬಿಲಿ ಇನ್ನೂ ಐತಲ್ಲ, ಅದುನ್ನೂ ತಿನ್ನು. ನಾ ನೋಡ್ದೆ ಕಣಪ್ಪ, ನೀ ಬೆಳ್ ನೆಕ್ಕುದ್ನೂ ನೋಡ್ದೆ. ಸೋಮಾರ ಡಾಕುಟ್ರು ಕಾಲ್ ಕೂಯ್ತಾರೆ. ಕೂಯ್ಲಿ. ನಾನು ಆ ಕಾಲ್ಗೆ ಔಸ್ದಿ ಅಚ್ಚಿ ಅಚ್ಚಿ, ಬಟ್ಟೆ ಸುತ್ತಿ ಸುತ್ತಿ, ಯಾವ್ ಸುಖಕ್ಕೆ ಏಳು. ನನ್ನುನ್ನ ಒಬ್ಬುಳ್ನೇ ಬುಟ್ಟೋಗಕೆ ನಿಂಗೆ ಇಷ್ಟೊಂದ್ ಅವಸ್ರಾನಾ?”

ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ಬೀಗರ ಹಾಲ್‌ನಲ್ಲಿ, ಸೆರಗು ಬಾಯಿಗೆ ತುರುಕಿಕೊಂಡು.

ಆಮೇಲೆ ಚಿಕ್ಕಮಾದು ಮೆಲ್ಲಗೆ ಹೇಳಿದ. “ಅಳ್ಬೇಡ ಅಮ್ಮಿ. ತಪ್ಪಾಯ್ತು. ಉಲ್ಲಿನ್ ಮೆದೆ ಒಳಗೆ ಒಂದ್ ಗಂಟೈತೆ. ರಾಗಿ ಡ್ರಮ್ಮಿನ ತಳುದಲ್ಲಿ ಒಂದು. ಪಂಪಿನ್ ಡಬ್ಬದ್ ಇಂದೆ ಒಂದೈತೆ. ಇನ್ನೊಂದು ದೇವ್ರ್ ಪಟದ್ ಇಂದೆ. ಎಲ್ಲಾ ತಗ್ದಾಕ್ತೀನಿ. ಇನ್ ಮುಟ್ಟಾಕಿಲ್ಲ.”

ಅವಳು ಒಂದು ಡಬ್ಬಿ ನೋಡಿದ್ದಕ್ಕೆ ಅವನು ನಾಲ್ಕು ಕಡೆಯದು ಒಪ್ಪಿಸಿದ್ದ. ದೇವರ ಪಟದ ಹಿಂದೆಯೂ ಇಟ್ಟಿದ್ದನೆಂದು ಕೇಳಿ ಅವಳಿಗೆ ಅಳುವಿನ ನಡುವೆಯೂ ಸಿಟ್ಟು ಬಂತು. ಆದರೆ ಆ ರಾತ್ರಿ, ಬಹಳ ದಿನದ ಮೇಲೆ, ಚೆನ್ನಾಗಿ ನಿದ್ದೆ ಮಾಡಿದಳು.

ನಾಲ್ಕನೇ ದಿನ ಸಂಜೆ ಅವಳು ನಂಬರು ಒತ್ತಿದ್ದು ಪರೀಕ್ಷೆ ಮಾಡಲೆಂದೇ. ಅದೇ ಹೊತ್ತು, ಅದೇ ಟವೆಲ್ಲು, ಅದೇ ಡಬ್ಬಿ. ಕಲ್ಲುಬಾನಿಯ ಹಿಂದೆ ಅದೇ ಕುಕ್ಕರುಗಾಲು.

ಈ ಸಲ ಅವಳು ಫೋನು ಮಾಡಲಿಲ್ಲ. ಎದ್ದು ಬ್ಯಾಗಿಗೆ ಸೀರೆ ತುಂಬತೊಡಗಿದಳು. ಕವನ ಬಂದು ನೋಡಿ ಗಾಬರಿಯಾದಳು. “ಏನಾಯ್ತವ್ವ? ಯಾರೇನಂದ್ರು?”

“ಯಾರೂ ಏನೂ ಅನ್ನಿಲ್ಲ. ನಿಮ್ಮಪ್ಪ ಮಾತ್ ಕೊಟ್ಟು ಒಂದ್ ದಿನ ಆಗಿಲ್ಲ. ತಕೋ, ನೀನೇ ನೋಡು.”

ಕವನ ಫೋನು ಹಿಡಿದು ನೋಡಿದಳು. ಹತ್ತಿರ ತಂದು ನೋಡಿದಳು. ಅವಳ ಹುಬ್ಬು ಮೇಲೇರಿತು. “ಅವ್ವ, ಇದು ನಮ್ಮ ಹಸ.”

“ನಮ್ದೇ ಕಣಮ್ಮ.”

“ಅಯ್ಯೋ, ನಿಮ್ದಲ್ಲ. ನಮ್ದು. ಈ ಮನೇದು. ಹಿಂದೆ ಓಣೀಲಿರೋ ಕೊಟ್ಟಿಗೆ. ಚೆಲ್ವ ಭಾವ ನಮಗೂ ಒಂದು ಕ್ಯಾಮೆರಾ ಹಾಕ್ಕೊಟ್ಟವ್ರೆ, ಮೊದಲ್ನೇ ವಾರ ಬಿಟ್ರೆ ಯಾರೂ ನೋಡಿಲ್ಲ. ಬೆಳಿಗ್ಗೆ ಹಾಲು ಕರೆಯೋನು ನಮ್ಮ ಆಳು ರವಿಕುಮಾರ.” ಕವನಳ ದನಿ ಪಿಸುಮಾತಿಗೆ ಇಳಿಯಿತು. “ಮತ್ತೆ ಇವರು ನಮ್ಮ ಮಾವ.”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಪರದೆಯ ಮೇಲೆ ನಿವೃತ್ತ ಮೇಷ್ಟ್ರು ನಾಲಿಗೆಯ ಮಾತನ್ನು ಬಹಳ ವಿಧೇಯತೆಯಿಂದ ಕೇಳುತ್ತಿದ್ದರು. ಕವನ ದಿಂಬಿಗೆ ಮುಖ ಒತ್ತಿ ನಗತೊಡಗಿದಳು. ಮಂಗಳಮ್ಮನಿಗೆ ನಗು ಬರಲು ಸ್ವಲ್ಪ ಹೊತ್ತು ಬೇಕಾಯಿತು, ಬಂದ ಮೇಲೆ ನಿಲ್ಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ನಗು ಮುಗಿದ ಮೇಲೆ ಚೆಲುವರಾಜುವಿಗೆ ಫೋನು ಹೋಯಿತು. “ಏನ್ಲಾ, ನಂಗ್ ಬೀಗ್ರ್ ಕೊಟ್ಗೆ ತೋರ್ಸಿದ್ದೀಯಲ್ಲ. ನಮ್ ನಂಬರ್ನ ಅವ್ರಿಗೂ ಮಾರಿದ್ದೀಯಾ?”

ವಿಷಯ ಪೂರ್ತಿ ಕೇಳಿ ಚೆಲುವರಾಜು ತಲೆ ಚಚ್ಚಿಕೊಂಡ ಸದ್ದು ಫೋನಿನಲ್ಲೇ ಕೇಳಿತು. “ಅತ್ತೆ, ಅದು ಮನೆ ಒಳಗಿನ ನಂಬರು. ಮನೆ ದಾಟಿದ್ರೆ ಅದುಕ್ಕೆ ಬೆಲೆ ಇಲ್ಲ. ಹೆಂಗೇಳ್ಲಿ? ಕವನ ನಿಮ್ಮನೇಲಿ ನಿಮ್ಮನ್ನ ಏನಂತ ಕರೀತಾಳೆ?”

“ಅವ್ವ ಅಂತಾಳೆ.”

“ಅಲ್ಲಿ ನಿಮ್ಮ ಅಳಿಯ ಸಿದ್ದು ಅವರಮ್ಮನ್ನ?”

“ಅವ್ನೂ ಅವ್ವ ಅಂತಾನೆ.”

“ಈಗ ಸಿದ್ದು ಆ ಮನೇಲಿ ನಿಂತ್ಕಂಡು ‘ಅವ್ವ’ ಅಂದ್ರೆ ಬದನವಾಳಿಂದ ನೀವು ಓ ಅಂತೀರಾ? ಅಲ್ಲೇ ಅಡಿಗೆ ಮನೇಲಿರೋರು ಓ ಅಂತಾರೆ. ಅರವತ್ನಾಲ್ಕೂ ಹಂಗೇ. ನೂರ ತೊಂಬತ್ತೆರಡು, ನೂರ ಅರವತ್ತೆಂಟು ಅಂತ ಶುರುವಾಗೋದೆಲ್ಲ ಒಳಗೊಳಗೆ ಕರ್ಕೊಳ್ಳೋ ಹೆಸರು. ಪ್ರತಿ ಮನೇಲೂ ಒಂದೊಂದು ಅರವತ್ನಾಲ್ಕು ಇರ್ಬೋದು. ನೀವು ಯಾವ ಮನೆ ವೈಫೈಲಿ ನಿಂತು ಕೂಗ್ತೀರೋ ಆ ಮನೇದೇ ಓ ಅನ್ನೋದು.”

“ಅಂಗಾದ್ರೆ ನಮ್ ಮನೆಗೆ ಒರಗಿನ ಎಸ್ರೇ ಇಲ್ವೇನ್ಲಾ?”

“ಇದೆ. ವೈಫೈ ಡಬ್ಬ ಇದೆಯಲ್ಲ, ಅದುಕ್ಕೆ ಕಂಪನಿಯೋರು ಹೊರಗಿನ ನಂಬರೊಂದು ಕೊಟ್ಟಿರ್ತಾರೆ. ಮನೇಲಿ ಫೋನು, ಟೀವಿ, ಕ್ಯಾಮೆರಾ ಎಷ್ಟೇ ಇದ್ರೂ ಲೋಕಕ್ಕೆಲ್ಲ ಕಾಣೋದು ಅದೊಂದೇ. ಅದೂ ಖಾಯಂ ಅಲ್ಲ, ಅವರು ಬದಲಾಯಿಸ್ತಾನೂ ಇರ್ತಾರೆ. ಹೊರಗಿಂದ ನಿಮ್ಮ ಹಸನ ನೋಡ್ಬೇಕು ಅಂದ್ರೆ ಮೊದಲು ಆ ಬಾಗಿಲಿಗೆ ಬರ್ಬೇಕು, ಬಂದೋರನ್ನ ಕೊಟ್ಟಿಗೆಗೆ ಕಳ್ಸು ಅಂತ ಡಬ್ಬಕ್ಕೆ ನಾನು ಹೇಳಿಟ್ಟಿರ್ಬೇಕು. ನಾನು ಹೇಳಿಟ್ಟಿಲ್ಲ. ಹೇಳಿಟ್ರೆ ದಾರೀಲಿ ಹೋಗೋ ಪೋಲಿಗಳೂ ಬಂದು ನೋಡ್ತಾರೆ. ಅದುಕ್ಕೇ ಆ್ಯಪ್ ಹಾಕ್ಕೊಳ್ಳಿ ಅಂದಿದ್ದು.”

“ಪಾಸ್‌ವರ್ಡು?”

“ಅದು ಎಲ್ರಿಗೂ ಒಂದೇ ಕೊಟ್ಟಿದ್ದೆ ಅತ್ತೆ. ನಿಮ್ಮ ಫೋನು ನೆನಪಿಟ್ಕೊಂಡು ಅಲ್ಲೂ ತಾನೇ ಹಾಕ್ಬಿಟ್ಟಿದೆ. ತಪ್ಪು ನಂದೇ. ನಾಳೆಯಿಂದ ಬೇರೆ ಬೇರೆ ಮಾಡ್ತೀನಿ.”

ಮಂಗಳಮ್ಮ ಫೋನಿಟ್ಟು ಬ್ಯಾಗಿನ ಪಕ್ಕ ಕೂತಳು. ಲೆಕ್ಕ ಹಾಕಿದರೆ ವಿಚಿತ್ರವಾಗಿತ್ತು. ತಪ್ಪು ಮಾಡಿದವರು ಬೀಗರು, ಬೈಸಿಕೊಂಡವನು ಗಂಡ. ಆದರೆ ಬೈಸಿಕೊಂಡವನ ಬಾಯಲ್ಲೂ ಬೆಲ್ಲವಿತ್ತು. ತನಗೆ ಏನೂ ಕಂಡಿರಲಿಲ್ಲ ಎಂದು ಅವನಿಗೆ ಗೊತ್ತಾದರೆ ಆ ನಾಲ್ಕು ಗಂಟುಗಳೂ ತಿರುಗಿ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಆ ಕಾಲು ಉಳಿಯುವುದಿದ್ದರೆ ಈ ಸುಳ್ಳು ಉಳಿಯಬೇಕು. “ನಿಮ್ಮಪ್ಪಂಗೆ ಏಳ್ಬೇಡ” ಎಂದು ಮಗಳಿಂದ ಆಣೆ ಹಾಕಿಸಿಕೊಂಡಳು.

ಬೀಗರಿಗೆ ಹೇಳಬಾರದು ಎಂದು ಮಾತ್ರ ಯಾರೂ ಆಣೆ ಹಾಕಿಸಿರಲಿಲ್ಲ.

ಐದನೇ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಮೇಷ್ಟ್ರು ಮೆಂತ್ಯದ ನೀರಿನ ಲೋಟ ಎತ್ತಿ ಹಿಡಿದು, “ಬೀಗ್ರೇ, ಮನೆಗೆ ಹೋದ ಮೇಲೆ ಚಿಕ್ಕಮಾದು ಅವರಿಗೂ ಇದನ್ನೇ ರೂಢಿ ಮಾಡಿಸಿ. ಮನುಷ್ಯನಿಗೆ ಮನಸ್ಸೊಂದು ಗಟ್ಟಿ ಇರಬೇಕು” ಎಂದರು.

“ಊಂ ಬೀಗ್ರೇ” ಎಂದಳು ಮಂಗಳಮ್ಮ, ಇಡ್ಲಿ ಮುರಿಯುತ್ತಾ. “ಒಂದ್ ಮಾತು. ಕಲ್ಲುಬಾನಿ ಇಂದೆ ಇರುವೆ ಅತ್ಕೊತವೆ. ಆ ಸ್ಟೀಲ್ ಡಬ್ಬಿನ ತೊಳ್ದ್ ಮಡ್ಗಿ.”

ಲೋಟ ಗಾಳಿಯಲ್ಲೇ ನಿಂತಿತು. ರಾಚಮ್ಮ “ಯಾವ ಡಬ್ಬಿ?” ಎಂದು ಅಡಿಗೆಮನೆಯಿಂದ ಕೇಳಿದರು. ಮೇಷ್ಟ್ರು ಕೆಮ್ಮಿದರು. ಐದು ದಿನದಲ್ಲಿ ಹಾಲ್ ಬಿಟ್ಟು ಕದಲದ ಹೆಂಗಸಿಗೆ ಓಣಿಯಾಚೆಯ ಕಲ್ಲುಬಾನಿಯ ಹಿಂಭಾಗ ಹೇಗೆ ಕಂಡಿತೆಂದು ಅವರಿಗೆ ತಿಳಿಯಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಮೆಂತ್ಯದ ನೀರನ್ನು ಒಂದೇ ಗುಟುಕಿಗೆ ಕುಡಿದರು. ಕವನ ಮಗುವಿಗೆ ತಿನ್ನಿಸುವ ನೆಪದಲ್ಲಿ ಗೋಡೆ ಕಡೆ ತಿರುಗಿಕೊಂಡಳು.

ಆದರೂ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದವರು ಮೇಷ್ಟ್ರೇ. ದಾರಿಯುದ್ದಕ್ಕೂ ಪಾಠವಿಲ್ಲ. ಬಸ್ಸು ಬರುವ ಹೊತ್ತಿಗೆ ಮಂಗಳಮ್ಮನಿಗೇ ಪಾಪ ಅನ್ನಿಸಿತು. “ಬೀಗ್ರೇ, ನಾನ್ ಯಾರ್ಗೂ ಏಳಲ್ಲ. ಆದ್ರೆ ನಮ್ಮೋರ್ ಕಾಲ್ನಲ್ಲಿ ಒಂದ್ ಬೆಳ್ ಇಲ್ಲ, ನೀವು ನೋಡಿದ್ದೀರ. ಅವ್ರೂ ಇಂಗೇ ಇಂದೆ ಕುಂತ್ಕಂಡು ತಿಂದೋರು” ಎಂದಳು. ಮೇಷ್ಟ್ರು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಸ್ಟೀಲ್ ಡಬ್ಬಿಯನ್ನು ಅವಳ ಬ್ಯಾಗಿನೊಳಗೆ ಇಟ್ಟರು. ಒಳಗೆ ಮೈಸೂರ್ ಪಾಕು. ಸಕ್ಕರೆ ಕಾಯಿಲೆಯ ಒಂದು ಮನೆಯಿಂದ ಇನ್ನೊಂದಕ್ಕೆ ಅದನ್ನು ಒಯ್ಯುವ ಹಾಗಿಲ್ಲದ್ದರಿಂದ ನಂಜನಗೂಡು ಬರುವಷ್ಟರಲ್ಲಿ ಬಸ್ಸಿನವರಿಗೆಲ್ಲ ಹಂಚಿದಳು. ಕಂಡಕ್ಟರು ಎರಡು ಸಲ ಈಸಿಕೊಂಡ.

ಮನೆ ಮುಟ್ಟಿದಾಗ ಮಧ್ಯಾಹ್ನ. ಚಿಕ್ಕಮಾದು ಜಗಲಿಯ ಮೇಲೆ, ಪಂಚೆ ಉಟ್ಟುಕೊಂಡೇ ಕೂತಿದ್ದ. ಮುಂದೆ ಒಂದು ಮೊರ. ಮೊರದಲ್ಲಿ ಬೆಲ್ಲದ ಗಂಟುಗಳು. ಮಂಗಳಮ್ಮ ಬ್ಯಾಗು ಇಳಿಸಿ, ಎಂದಿನಂತೆ ಎಣಿಸಿದಳು. ನಾಲ್ಕಿರಬೇಕಿತ್ತು, ಐದಿದ್ದವು.

“ಇದ್ಯಾವ್ದು?”

“ಅಟ್ಟುದ್ ಮ್ಯಾಲೆ, ಅಳೇ ಕೊಡದೊಳಗಿದ್ದದ್ದು. ಅವತ್ತು ಅದೊಂದುನ್ನ ಏಳಿರ್ನಿಲ್ಲ.”

ಈ ಮಾತಿಗೆ ಅವಳು ಸಿದ್ಧವಾಗಿಯೇ ಬಂದಿದ್ದಳು. ಮುಖ ಬಿಗಿ ಮಾಡಿಕೊಂಡು, “ಅದೂ ನಂಗೆ ಕಾಣ್ತಿತ್ತು” ಎಂದಳು.

ಚಿಕ್ಕಮಾದು ಅವಳ ಮುಖ ನೋಡಿ ಮೀಸೆಯೊಳಗೇ ನಕ್ಕ. “ಕಾಣ್ತಿರ್ನಿಲ್ಲ ಕಣಮ್ಮಿ. ಕ್ಯಾಮ್ರ ಆಕುದ್ ದಿನುವೇ ಚೆಲ್ವ ನಂಗೇಳ್ದ. ‘ಮಾವ, ಅತ್ತೆ ಊರಲ್ಲಿ ಇಲ್ದಿದ್ರೆ ಇದು ಕಾಣಲ್ಲ, ಇದು ಮನೆ ಒಳಗಿನ ನಂಬ್ರು’ ಅಂತ. ನಿಂಗೇಳ್ಬೇಡ ಅಂತ ನಾನೇ ಏಳಿದ್ದೆ.”

ಮಂಗಳಮ್ಮ ಜಗಲಿಯ ಮೇಲೆ ಕೂತಳು. “ಮತ್ತೆ ಆ ಪ್ಯಾಂಟು?”

“ನಾನೆಲ್ ಪ್ಯಾಂಟ್ ಆಕ್ಲಿ. ನೀನು ಯಾರ್ದೋ ಅಸನ ನೋಡ್ಕಂಡು ನನ್ನುನ್ನ ಬೋಯ್ತಿದ್ದೆ. ಬೋಯ್ಲಿ ಬುಡು ಅಂತ ಊಂ ಅಂದೆ.”

“ಕಾಣಲ್ಲ ಅಂತ ಏಳ್ಬಾರ್ದಿತ್ತಾ?”

“ಏಳುದ್ರೆ ನೀ ಅವತ್ತೇ ಬಸ್ ಇಡ್ದು ಬತ್ತಿದ್ದೆ. ಏಳ್ ವರ್ಸುಕ್ಕೆ ಒಂದಪ ಮಗಳ್ ಮನೇಲಿ ಇದ್ದೆ. ಇರ್ಲಿ ಅಂದ್ಕಂಡೆ.” ಸುಳ್ಳು ಹೇಳಲು ಮನಸ್ಸು ಬಾರದೆ ಸೇರಿಸಿದ. “ನಂಗೂ ಬೆಲ್ಲ ತಿನ್ನಕ್ಕೆ ಅನ್ಕೂಲ ಆಗಿತ್ತು ಅನ್ನು.”

ಅವಳಿಗೆ ಎಲ್ಲಕ್ಕಿಂತ ಅರ್ಥವಾಗದ್ದು ಬೇರೆಯೇ ಇತ್ತು. ಐದು ದಿನ ತಾನು ಕಾವಲು ಕಾದೆ ಅಂದುಕೊಂಡಿದ್ದಳು, ಕಾವಲೇ ಇರಲಿಲ್ಲ, ಕಳ್ಳನಿಗೂ ಅದು ಗೊತ್ತಿತ್ತು. “ನಂಗೇನೂ ಕಾಣಲ್ಲ ಅಂತ ಗೊತ್ತಿದ್ದೂ ಯಾಕ್ ಒಪ್ಕಂಡೆ? ಇಲ್ಲ ಅಂದಿದ್ರೆ ಆಗ್ತಿತ್ತಲ್ಲ.”

ಚಿಕ್ಕಮಾದು ಮೊರವನ್ನು ಅವಳ ಕಡೆಗೆ ತಳ್ಳಿದ.

“ಯಾವನೋ ತಿಂದುದ್ ನೋಡಿ, ನನ್ ಕಾಲ್ ಓಯ್ತು ಅಂತ ನೀ ಅಳ್ತಿದ್ದೆಲ್ಲ ಅಮ್ಮಿ. ಆಗ ನನ್ ಬಾಯಲ್ಲಿ ಬೆಲ್ಲ ಇತ್ತು. ನುಂಗಕ್ ಆಗ್ನಿಲ್ಲ. ಉಗುದ್ಬುಟ್ಟೆ.”

ಮಂಗಳಮ್ಮ ಕನ್ನಡಕ ಹಾಕಿಕೊಂಡಳು. ಅವನ ಬಲಗಾಲನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಬಟ್ಟೆ ಬಿಚ್ಚಿ, ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ನೋಡತೊಡಗಿದಳು.